ನವೆಂಬರ್ ಸೇರಿದ ನಂಬರ್ ಪ್ಲೇಟು

ಸ್ಟುಟ್‌ಗಾರ್ಟ್‌ನ ವಾಹನ ನೋಂದಣಿ ಕಚೇರಿಯಲ್ಲಿ ಟೋಕನ್ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಬೇಕರಿಯವನೊಬ್ಬ, ತೋಳಿನ ತುಂಬಾ ಹಿಟ್ಟು, ತೊಡೆಯ ಮೇಲೆ ಎರಡು ನಂಬರ್ ಪ್ಲೇಟು. ಆಗಷ್ಟೇ ಒಳಗೆ ಬಂದ ಮುದುಕಿಯೊಬ್ಬಳು ಆ ಪ್ಲೇಟುಗಳನ್ನು ಕಂಡು ನಿಂತುಬಿಟ್ಟಳು.

“ಡೆಟ್ಲೆಫ್! ನಮ್ಮ ಯಜಮಾನರ ಪೋರ್ಷೆ ಕಾರಿಂದಲ್ವಾ ಈ ಪ್ಲೇಟು? ಬಿಚ್ಚಿ ತಂದಿದ್ದೀಯ, ಕಾರು ಮಾರಿಬಿಟ್ಯಾ?”

“ಇಲ್ಲ ಫ್ರಾವ್ ಹೇಫೆಲೆ, ಕೂತ್ಕೊಳ್ಳಿ.”

“ಮಾರಿದ್ರೂ ತಪ್ಪಿಲ್ಲ ಬಿಡು. ನನ್ ಹತ್ರ ನೀನು ಹದಿನೆಂಟು ಸಾವಿರ ಯೂರೋಗೆ ತಗೊಂಡೆ, ಹೋದ್ವರ್ಷ ಅಂಥ ಕಾರಿಗೆ ಎಪ್ಪತ್ತು ಸಾವಿರ ಕೊಡ್ತಿದ್ರಂತೆ.”

“ಈಗ ಐವತ್ತೈದಕ್ಕೆ ಇಳಿದಿದೆ. ಇನ್ನೂ ಇಳಿಯೋ ಮುಂಚೆ ಮಾರು ಅಂತ ಹೆಂಡ್ತಿ ತಲೆ ತಿಂತಿದ್ಲು.”

“ಸರಿಯಾಗೇ ಹೇಳಿದ್ದಾಳೆ.”

“ಅವತ್ತು ಹಳೇ ಕಾರಿನ ಆ ಡೀಲರ್ ನಾಲ್ಕು ಸಾವಿರ ಜಾಸ್ತಿ ಕೊಡ್ತೀನಿ ಅಂದ್ರೂ ನೀವು ನನಗೇ ಕೊಟ್ರಿ. ಅದನ್ನ ಅವಳಿಗೆ ಹೇಳಿದ ಮೇಲೆ ಮಾರೋ ಮಾತೇ ಬಿಟ್ಲು.”

“ಅವನು ತುಕ್ಕು ಹುಡುಕ್ತಿದ್ದ ಕಣಪ್ಪ. ನಮ್ಮ ಯಜಮಾನರು, ಓಟ್ಟೋ, ಅದನ್ನ ಹೇಗೆ ಓಡಿಸ್ತಿದ್ರು ಅಂತ ಕೇಳಿದ್ದು ನೀನೊಬ್ಬನೇ. ಮತ್ತೆ ಇಲ್ಲಿಗ್ಯಾಕೆ ಬಂದೆ?”

“ತೆರಿಗೆ ಕಡಿಮೆ ಅಂತ ತಗೊಂಡ ಈ ಪ್ಲೇಟು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ನಡೆಯುತ್ತೆ. ಆಮೇಲೆ ಕಾರು ರಸ್ತೆಗೆ ಇಳಿಯೋ ಹಾಗಿಲ್ಲ. ನವೆಂಬರ್ ಸೇರಿಸೋಕೆ ಬಂದೆ.”

“ಆ ಮಳೇಲಿ, ಕೆಸರಲ್ಲಿ? ಓಟ್ಟೋ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು.”

“ಸತ್ತವರನ್ನ ನೆನೆಯೋ ಭಾನುವಾರ ನವೆಂಬರಲ್ಲೇ ಅಲ್ವಾ ಬರೋದು? ಓಟ್ಟೋ ಅವರ ಸಮಾಧಿಗೆ ನೀವು ಪ್ರತಿ ವರ್ಷ ಎರಡು ಬಸ್ ಬದಲಾಯಿಸಿ ಹೋಗ್ತೀರಿ. ಈ ಸಲ ಅವರ ಕಾರಲ್ಲೇ ಹೋಗೋಣ.”

ಮುದುಕಿ ಕನ್ನಡಕ ತೆಗೆದು ಒರೆಸಿದಳು, ಒರೆಸುತ್ತಲೇ ಇದ್ದಳು. ಅಷ್ಟರಲ್ಲಿ ಅವನ ಟೋಕನ್ ನಂಬರ್ ಬಂತು.

“ತಡಿ, ನಾನೂ ಬರ್ತೀನಿ. ಆ ಗುಮಾಸ್ತ ತಿಂಗಳು ತಪ್ಪಾಗಿ ಬರೆದುಬಿಟ್ಟಾನು. ಕೊಡಿಲ್ಲಿ, ಒಂದು ಪ್ಲೇಟು ನಾನು ಹಿಡ್ಕೋತೀನಿ.”

ತಲಾ ಒಂದು ಪ್ಲೇಟು ಕಂಕುಳಲ್ಲಿಟ್ಟುಕೊಂಡು ಇಬ್ಬರೂ ಮೂರನೇ ಕೌಂಟರಿನ ಕಡೆ ನಡೆದರು.