ಎಡಗಿವಿಗೆ ದಾಟಿದ ಗಿಟಾರು

ಕಿವಿ ಆಸ್ಪತ್ರೆಯ ಬೆಂಚಿನ ಮೇಲೆ ದರ್ಜಿ ಹೆಂಗಸು ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ನಾಳೆ ಅವಳ ಕಿವಿಗೆ ಆಪರೇಷನ್. ಅವಳ ಪಕ್ಕದಲ್ಲಿ ನೆರೆಗೂದಲಿನವನೊಬ್ಬ, ಅವನಾಚೆ ಅವನ ಹೆಂಡತಿಯ ತಮ್ಮ. ಇಬ್ಬರ ಬಾಯಲ್ಲೂ ಅರವತ್ತರ ದಶಕದ, ತಲೆ ಗಿರ್ರೆನ್ನಿಸುವ ಸೈಕಡೆಲಿಕ್ ರಾಕ್ ತಂಡವೊಂದರದ್ದೇ ಮಾತು.

"ಭಾವ, ನಿನ್ನೆ ಆಪರೇಷನ್ ಆದ ಕಿವಿ ಪಟ್ಟಿ ಬಿಚ್ಚಿದ್ಮೇಲೆ ಯಾವ ಆಲ್ಬಮ್ ಹಾಕಿದ್ರಿ?"

"ಎರಡನೇದು."

"ಅರವತ್ತೆಂಟರದ್ದಾ? ಅದನ್ನ ಆಗ ಒಬ್ರೂ ಮೂಸಿ ನೋಡ್ಲಿಲ್ವಲ್ಲ!"

"ಈಗ್ಲೂ ಅಷ್ಟೇ. ಎಲ್ರೂ ಮೊದಲ್ನೇದನ್ನೇ ಹೊಗಳ್ತಾರೆ. ಅದು ಬರೀ ಅಬ್ಬರ ಕಣೋ. ಎರಡನೇದ್ರಲ್ಲಿ ಒಂದೊಂದು ವಾದ್ಯಾನೂ ಒಂದೊಂದು ಕಡೆಯಿಂದ ಬರುತ್ತೆ."

"ಕೊನೇ ಹಾಡಲ್ಲಿ ಗಿಟಾರು ಬಲಗಿವಿಯಿಂದ ಎಡಗಿವಿಗೆ ಹೋಗುತ್ತಲ್ಲ, ಅದು?"

"ಎರಡು ವರ್ಷದಿಂದ ಬಲಕ್ಕೇ ನಿಂತುಬಿಡ್ತಿತ್ತು. ನಿನ್ನೆ ದಾಟ್ತು ನೋಡು!"

"ಅತ್ತುಬಿಟ್ರಾ?"

"ಹೂಂ. ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ. 'ನಾನು ಮಾತಾಡಿಸ್ದಾಗ ಬರದೇ ಇದ್ದ ಕಣ್ಣೀರು ಗಿಟಾರಿಗೆ ಬಂತಾ' ಅಂತ ಮನೆ ತಲೆ ಮೇಲೆ ಹೊತ್ಕೋತಾಳೆ."

ಇಬ್ಬರೂ ನಕ್ಕರು. ಅಷ್ಟರಲ್ಲಿ ನರ್ಸ್ ಕರೆದಳು. ಅವರು ಎದ್ದು ಹೊರಟಾಗ ದರ್ಜಿ ಹೆಂಗಸಿಗೆ ತಡೆಯಲಾಗಲಿಲ್ಲ. ಭಯಕ್ಕೆ ದನಿ ಮಾತ್ರ ಮೇಲೇಳಲಿಲ್ಲ.

"ಅಣ್ಣಾ, ತುಂಬಾ ನೋವಾಯ್ತಾ?"

ನೆರೆಗೂದಲಿನವನು ತಟ್ಟನೆ ತಿರುಗಿದ.

"ಎರಡು ದಿನ ಅಷ್ಟೇ ತಂಗಿ. ಹೆದರ್ಬೇಡ."

ಅವರು ಒಳಗೆ ಹೋದ ಮೇಲೆ ಬಾಗಿಲು ಹಾಕಿಕೊಂಡಿತು. ತಾನು ಪಿಸುಗುಟ್ಟಿದ್ದು ಅವನ ಎಡಗಡೆಯಿಂದ ಎಂಬುದು ಆಮೇಲೆ ಹೊಳೆದು, ಅವಳು ಬೆಳಗಿನಿಂದ ಮೊದಲ ಸಲ ಬೆಂಚಿಗೆ ಬೆನ್ನು ಆನಿಸಿದಳು.