ಐನೂರು ಪ್ರತಿಗಳಲ್ಲಿ ಸುಮಿ

ನಗುವವರು ಈಗಲೇ ನಕ್ಕುಬಿಡಿ. ಇದು ಟೋಕಿಯೊದ ನಮ್ಮ ಓಣಿಯಲ್ಲಿ, ನನ್ನ ಗೋಡೆಯಾಚೆಯ ಮನೆಯಲ್ಲೇ ನಡೆದದ್ದು; ಆ ಮನೆಯವನೇ ಆಮೇಲೆ ನನಗೆ ಹೇಳಿದ್ದು.

ಫೋಟೊಗ್ರಾಫರ್ ಇಸಾಮು ಅಂದು ಕೊನೆಯ ರೈಲಿಳಿದು, ದೇಗುಲದ ಹಿಂದಿನ ಹಳೇ ಬಾವಿ ದಾಟಿ ಬರುತ್ತಿದ್ದ. ಅಂಗಿಯೊಳಗೆ ಒಂದು ತೆಳು ಪತ್ರಿಕೆ. ಬಾವಿಯಲ್ಲಿ... ಗುಳುಂ. ಅವನು ನಿಲ್ಲಲಿಲ್ಲ. ಬೆಳಗಾದರೆ ಹೆಂಡತಿ ಸುಮಿ ತೀರಿಕೊಂಡ ನಲವತ್ತೊಂಬತ್ತನೆಯ ದಿನ. ಅವತ್ತು ಸತ್ತವರು ಮನೆ ಬಿಟ್ಟು ಹೊರಡುತ್ತಾರೆ. ಅಷ್ಟರೊಳಗೆ ಪೂಜಾಪೀಠದ ಮೇಲಿಡಲು ಅವಳದೊಂದು ಫೋಟೊ ಬೇಕಿತ್ತು.

ಹೊಸಿಲಲ್ಲೇ ಅತ್ತೆ ಕೂತಿದ್ದರು.

"ಸಿಕ್ತಾ ಅಳಿಯಂದ್ರೇ? ಊರೋರದ್ದೆಲ್ಲ ಫೋಟೊ ತೆಗೀತೀರಿ. ನನ್ನ ಮಗಳದ್ದು ಒಂದೂ ಇಲ್ವಾ?"

"ಬೆಳಗ್ಗೆ ಕೊಡ್ತೀನಿ ಅತ್ತೆ."

ಇನ್ನೇನು ಹೇಳಿಯಾನು? ಹೋದ ವರ್ಷ ಗೆಳೆಯರ ಜೊತೆ ಸೇರಿ, ಫೋಟೊ ನಿಜವಲ್ಲ, ಬರೀ ನಕಲಿನ ನಕಲು ಎಂದು ಸಾರಿ, ನದಿ ದಂಡೆಯಲ್ಲಿ ತಾನು ತೆಗೆದ ಫೋಟೊ, ನೆಗೆಟಿವ್‌ಗಳನ್ನೆಲ್ಲ ಸುಟ್ಟುಹಾಕಿದ್ದ. "ನನ್ನವೂನಾ?" ಎಂದಿದ್ದಳು ಸುಮಿ, ಮೆಲ್ಲಗೆ. "ಎಲ್ಲಾ" ಎಂದಿದ್ದ. ಬೆಂಕಿಪೊಟ್ಟಣ ಕೊಟ್ಟವಳೂ ಅವಳೇ. ಈಗ ಉಳಿದದ್ದು ಗೆಳೆಯರ ಪತ್ರಿಕೆಯಲ್ಲಿ ಅಚ್ಚಾದ ಇದೊಂದೇ. ಅದೇ ಬಾವಿಯ ಪಕ್ಕ, ಬಕೆಟ್ ಹಿಡಿದು, ಬೆನ್ನು ತಿರುಗಿಸಿ ನಿಂತ ಸುಮಿ. ಮುಖ ಬೇಡ ಅಂದವನೂ ಇವನೇ. ಒಂಚೂರು ಕೆನ್ನೆಯಂಚು ಕಾಣುತ್ತಿತ್ತು. ಅದನ್ನೇ ದೊಡ್ಡದು ಮಾಡೋಣ ಅಂದುಕೊಂಡ.

ಹಾಸಿಗೆ ಇಡುವ ಗೂಡೇ ಅವನ ಕತ್ತಲಕೋಣೆ. ಕೆಂಪು ದೀಪ. ನಲ್ಲಿ ಟಪ್... ಟಪ್... ಪತ್ರಿಕೆಯ ಚಿತ್ರದ ಫೋಟೊ ತೆಗೆದು ತೊಳೆದ. ಬರೀ ಚುಕ್ಕೆಗಳು. ಆ ಪ್ರತಿಯದೇ ಇನ್ನೊಂದು ಪ್ರತಿ ತೆಗೆದ. ಮೂರನೆಯದರಲ್ಲಿ... ಕಿವಿ ಕಂಡಿತು. ಮೂಲದಲ್ಲಿ ಕಿವಿ ಇರಲಿಲ್ಲ. ಐದನೆಯದರಲ್ಲಿ ಪೂರ್ತಿ ಕೆನ್ನೆ. ಏಳನೆಯದರಲ್ಲಿ ತುಟಿ ಪಕ್ಕದ ಮಚ್ಚೆ.

ಅವಳು ತಿರುಗುತ್ತಿದ್ದಳು.

ಅವನು ದ್ರಾವಣದ ತಟ್ಟೆಯ ಮೇಲೆ ಬಾಗಿದ. ಕಿವಿಯ ಹತ್ತಿರವೇ ಪಿಸುಮಾತು.

"ಸಾಕು ರೀ."

"ಇನ್ನೊಂದೇ ಒಂದು ಸುಮಿ... ಕಣ್ಣು ನೋಡ್ತೀನಿ."

"ಅಮ್ಮಂಗೆ ಇಷ್ಟು ಸಾಕು."

ಸಾಕಾಗಿತ್ತು ನಿಜ. ಮಚ್ಚೆ ನೋಡಿದರೆ ಹೆತ್ತವಳಿಗೆ ಗುರುತು ಸಿಗದೇ? ಆದರೆ ಅವನಿಗೆ ಸಾಲಲಿಲ್ಲ. ಎಂಟನೆಯದನ್ನು ತೊಳೆಯಲು ಬಿಟ್ಟ. ಕಾದ. ಕಾಗದ ಬೆಳ್ಳಗೇ ಉಳಿಯಿತು. ನಲ್ಲಿ ನಿಂತಿತು. ಏಳನೆಯದನ್ನು ಎತ್ತಿ ನೋಡಿದ. ಬಾವಿ ಮಾತ್ರ. ಐದು, ಮೂರು, ಒಂದು... ಎಲ್ಲದರಲ್ಲೂ ಬಾವಿ ಮಾತ್ರ. ಅವನು ಕೂಗಿಕೊಂಡದ್ದು ಗೋಡೆಯಾಚೆ ನನಗೆ ಕೇಳಿಸಿತು. ಅಂಥ ದನಿ ಮತ್ತೆ ಕೇಳುವುದು ಬೇಡ.

ಬೆಳಗ್ಗೆ ಅತ್ತೆ ಖಾಲಿ ಚೌಕಟ್ಟನ್ನೇ ಪೀಠದ ಮೇಲಿಟ್ಟು ಕೈಮುಗಿದರು.

ಪತ್ರಿಕೆ ಐನೂರು ಪ್ರತಿ ಅಚ್ಚಾಗಿತ್ತು. ಒಂದು ನನ್ನ ಬಳಿ ಇದೆ. ಸುಮಿಯೇ ಕೈಯಾರೆ ಕೊಟ್ಟದ್ದು. ಅವಳಿದ್ದ ಚಿತ್ರವನ್ನು ಈ ಕಣ್ಣಿಂದಲೇ ನೋಡಿದ್ದೇನೆ. ಸುಳ್ಳು ಅನಿಸಿದರೆ ಬಂದು ನೋಡಿ, ಬೇಡ ಅನ್ನುವುದಿಲ್ಲ. ಚಿತ್ರದಲ್ಲಿ ಬಾವಿ ಇದೆ, ಅವಳಿಲ್ಲ. ಅವಳ ಕೈಲಿದ್ದ ಬಕೆಟ್ ಈಗ ಕಟ್ಟೆಯ ಮೇಲಿದೆ.