ಡ್ರಮ್ಮಿನ ಮೇಲೆ ಅಂಗೈ

ಬಸ್ ಸ್ಟಾಪಿನ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ ತಂಗಿ ಕೂತಿದ್ದರು. ಅಕ್ಕನ ಮಗಳು, ಎಂಟೋ ಒಂಬತ್ತೋ ವರ್ಷದವಳು, ಕಬ್ಬಿಣದ ಕಂಬಕ್ಕೆ ಅಂಗೈ ಒತ್ತಿ ನಿಂತಿದ್ದಳು. ಲಾರಿ ಹಾದಾಗಲೆಲ್ಲ ಕಂಬ ನಡುಗುತ್ತಿತ್ತು. ಎದುರಿಗೇ ವಾದ್ಯಗಳ ಅಂಗಡಿ.

“ಬರಿಗೈಲಿ ಬಂದ್ಯಲ್ಲ ಅಕ್ಕಾ. ಡ್ರಮ್ ಸಿಗ್ಲಿಲ್ವಾ?”

“ಇತ್ತು. ಇವಳು ಅದರ ಮೇಲೆ ಅಂಗೈ ಇಟ್ಲು. ಮುಟ್ಬೇಡ ಅಂತ ಅಂಗಡಿಯವನು ಕೂಗಾಡಿದ.”

“ಕಿವಿ ಕೇಳ್ಸಲ್ಲ ಅಂತ ಹೇಳ್ಬೇಕಿತ್ತು.”

“ಹೇಳಿದೆ. ಮುಟ್ಟಿದ್ರೇನೇ ಇವಳಿಗೆ ತಾಳ ಗೊತ್ತಾಗೋದು ಅಂತಾನೂ ಹೇಳಿದೆ. ಕಿವುಡಿಗೆ ಡ್ರಮ್ ಯಾಕಮ್ಮಾ, ಗೊಂಬೆ ಕೊಡ್ಸು ಅಂದ. ಅಲ್ಲಿದ್ದ ಗಿರಾಕಿಗಳೆಲ್ಲ ನಕ್ರು.”

“ಅವನ ಬಾಯಿಗೆ ಹುಳ ಬೀಳ! ಮಗು ಏನಂತು?”

“ಅಂಗಡಿ ಮುಚ್ಚೋ ಹೊತ್ತಾಯ್ತಂತೆ ಅಂತ ನಾನೇ ಕೈಸನ್ನೆ ಮಾಡಿ ಹೇಳಿದೆ.”

“ನಂಬಿದ್ಲಾ?”

ಅಕ್ಕ ಕಂಬದ ಕಡೆ ನೋಡಿದಳು.

“ತುಟಿ ನೋಡಿ ಮಾತು ತಿಳ್ಕೊಳ್ಳೋದನ್ನ ಈ ವರ್ಷ ಸ್ಕೂಲಲ್ಲಿ ಕಲ್ಸಿದಾರೆ ಕಣೇ. ಅವನು ಮಾತಾಡ್ತಿದ್ದಷ್ಟು ಹೊತ್ತೂ ಇವಳು ಅವನ ಬಾಯನ್ನೇ ನೋಡ್ತಿದ್ಲು.”

ಬಸ್ಸು ಬಂತು. ಅಮ್ಮ ಕೈ ಚಾಚಿದಳು. ಹುಡುಗಿ ತನ್ನ ಎರಡೂ ಕೈಗಳನ್ನು ಫ್ರಾಕಿನ ಜೇಬಿಗೆ ತುರುಕಿಕೊಂಡು, ಯಾವುದನ್ನೂ ಮುಟ್ಟದೆ ಮೆಟ್ಟಿಲು ಹತ್ತಿದಳು.